ಅಜ್ಜನದು ಜಾಣಗಿವುಡಲ್ಲ

ಬೇಕಾದ ಮಾತನ್ನು ಮಾತ್ರ ಕೇಳಿಸಿಕೊಂಡು, ಬೇಡವಾದದ್ದಕ್ಕೆ ಕೇಳಿಸದವರಂತೆ ಕುಳಿತುಬಿಡುವವರಿಗೆ ಕನ್ನಡದಲ್ಲಿ ಒಂದು ಬಿರುದಿದೆ: ಜಾಣಗಿವುಡು. ಈ ಬಿರುದು ಹೆಚ್ಚಾಗಿ ಸಲ್ಲುವುದು ಮನೆಯ ಹಿರಿಯರಿಗೆ. ‘ಕೆಲಸ ಹೇಳಿದರೆ ಕಿವಿ ಕೇಳಿಸದು, ರಾತ್ರಿ ಪಿಸುಗುಟ್ಟಿದರೆ ಮಾತ್ರ ಎಲ್ಲ ಕೇಳಿಸುತ್ತದೆ’ ಎಂದು ಸೊಸೆ ನಗುತ್ತಾಳೆ. ಮಗ ಸಿಡುಕುತ್ತಾನೆ. ಮೊಮ್ಮಕ್ಕಳಿಗೆ ಅದೊಂದು ಆಟ. ಅಜ್ಜ ಮಾತ್ರ ದಿನದಿಂದ ದಿನಕ್ಕೆ ಮಾತು ಕಡಿಮೆ ಮಾಡುತ್ತಾನೆ.

ಚಾಮರಾಜನಗರ ಮತ್ತು ಗುಂಡ್ಲುಪೇಟೆ ಸೀಮೆಯ ಉಡಿಗಾಲದಂಥ ಊರುಗಳಲ್ಲಿ ಇದು ಅಪರೂಪದ ನೋಟವಲ್ಲ. ಅರಿಸಿನ, ಬಾಳೆ, ಸಣ್ಣ ಈರುಳ್ಳಿಯ ಸೀಮೆ ಇದು. ಹೊಲದ ಕೆಲಸ ಬಿಟ್ಟ ಹಿರಿಯರು ಜಗಲಿಯ ಮೇಲೆ ಕುಳಿತಿರುತ್ತಾರೆ. ಬೀದಿಯಲ್ಲಿ ಟ್ರ್ಯಾಕ್ಟರ್ ಬಂದದ್ದು ಅವರಿಗೆ ಕೇಳಿಸುತ್ತದೆ, ಹಟ್ಟಿಯಲ್ಲಿ ಎಮ್ಮೆ ಕೂಗಿದ್ದು ಕೇಳಿಸುತ್ತದೆ. ಒಳಗಿನಿಂದ ಮೊಮ್ಮಗಳು ‘ಸೊಪ್ಪು ತಂದೆಯಾ?’ ಎಂದದ್ದು ಮಾತ್ರ ‘ತುಪ್ಪ ತಂದೆಯಾ?’ ಎಂದಾಗುತ್ತದೆ. ಉತ್ತರ ತಪ್ಪುತ್ತದೆ, ಮನೆಮಂದಿ ನಗುತ್ತಾರೆ. ಹೀಗೆ ನಾಲ್ಕು ಸಲ ನಗೆಗೀಡಾದವರು ಐದನೆಯ ಸಲ ಉತ್ತರಿಸುವುದೇ ಇಲ್ಲ.

ಇದು ನಟನೆಯೂ ಅಲ್ಲ, ಹಟವೂ ಅಲ್ಲ. ವಯಸ್ಸಾದ ಕಿವಿಯ ಸ್ವಭಾವವೇ ಹೀಗೆ. ಇದನ್ನು ಅರಿಯದೆ ‘ಕಿವಿ ಮಿಷನ್’ ಕೊಂಡು ತರುವ ಮನೆಗಳಲ್ಲಿ ಆ ಯಂತ್ರ ಒಂದೆರಡು ವಾರ ಕಿವಿಯಲ್ಲಿದ್ದು, ಬಳಿಕ ಗೋಡೆಯ ಗೂಡನ್ನೋ ಟ್ರಂಕಿನ ತಳವನ್ನೋ ಸೇರುತ್ತದೆ. ಯಾವ ಸಾಧನ ಒಳ್ಳೆಯದು ಎಂಬ ಪ್ರಶ್ನೆಗೆ ಬೆಲೆಪಟ್ಟಿಯಲ್ಲಿ ಉತ್ತರವಿಲ್ಲ. ಕಿವಿ ಕಳೆದುಕೊಂಡದ್ದು ಏನು, ಅದನ್ನು ಬಳಸಬೇಕಾದ ಕೈ ಎಂಥದು, ಮಾತನಾಡುವವರು ಎಷ್ಟು ದೂರದಲ್ಲಿದ್ದಾರೆ ಎಂಬುದನ್ನು ನೋಡಿದರೆ ಉತ್ತರ ತಾನಾಗಿ ಸಿಗುತ್ತದೆ.

ಸದ್ದು ಬರುತ್ತದೆ, ಮಾತು ಬಾರದು

ಕಿವಿಯ ಒಳಭಾಗದಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡ ಒಂದು ಅಂಗವಿದೆ. ಅದರೊಳಗೆ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿವೆ. ಗಾಳಿಯಲ್ಲಿ ಬಂದ ಕಂಪನವನ್ನು ನರದ ಸಂದೇಶವಾಗಿ ಮಾರ್ಪಡಿಸುವುದು ಇವುಗಳ ಕೆಲಸ. ತಲೆಗೂದಲು ಉದುರಿದರೆ ಮತ್ತೆ ಬರಬಹುದು, ಈ ಕೋಶಗಳು ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.

ಸುರುಳಿಯ ಬಾಗಿಲ ಬಳಿ ಇರುವ ಕೋಶಗಳು ತೆಳುವಾದ, ಏರುಸ್ವರದ ಸದ್ದುಗಳನ್ನು ಹಿಡಿಯುತ್ತವೆ. ತುದಿಯಲ್ಲಿರುವವು ದಪ್ಪ ಸದ್ದುಗಳನ್ನು ಹಿಡಿಯುತ್ತವೆ. ವಯಸ್ಸಾದಂತೆ ಸಾಮಾನ್ಯವಾಗಿ ಮೊದಲು ಸವೆಯುವುದು ಬಾಗಿಲ ಬಳಿಯವು. ಹೀಗಾಗಿ ಎಮ್ಮೆಯ ಕೂಗು, ಟ್ರ್ಯಾಕ್ಟರಿನ ಗುಡುಗು ಉಳಿಯುತ್ತವೆ. ಹಕ್ಕಿಯ ಚಿಲಿಪಿಲಿ, ಫೋನಿನ ಸಣ್ಣ ಗಂಟೆ, ಮಗುವಿನ ತೊದಲು ಮಾಯವಾಗುತ್ತವೆ. ಮಾದೇಶ್ವರನ ಕತೆ ಹಾಡುವ ಕಂಸಾಳೆಯವರು, ಮಂಟೇಸ್ವಾಮಿಯ ಕತೆ ಹೇಳುವ ನೀಲಗಾರರು ಈ ಸೀಮೆಗೆ ಹೊಸಬರಲ್ಲ. ರಾತ್ರಿಯಿಡೀ ಕುಳಿತು ಕತೆ ಕೇಳಿ ಬೆಳೆದ ಮುದುಕರಿಗೆ ಈಗ ಡಕ್ಕೆಯ ಸದ್ದು ಬರುತ್ತದೆ, ಕಂಸಾಳೆಯ ಝಣಝಣ ತೆಳ್ಳಗಾಗುತ್ತದೆ, ಕತೆಯ ಮಾತು ಅರ್ಧಕ್ಕರ್ಧ ತಪ್ಪಿಹೋಗುತ್ತದೆ.

ಮಾತಿನಲ್ಲೂ ಇದೇ ಲೆಕ್ಕ. ಅ, ಆ, ಉ, ಒ ಮೊದಲಾದ ಸ್ವರಗಳಲ್ಲಿ ದಪ್ಪ ಸದ್ದಿನ ಬಲವಿದೆ. ಸ, ಶ, ತ, ಪ, ಕದಂಥ ವ್ಯಂಜನಗಳು ತೆಳುವಾದವು, ಬಲ ಕಡಿಮೆಯವು. ‘ಸ’ಕಾರದ ಸದ್ದಿನ ಬಹುಪಾಲು 4,000 ಹರ್ಟ್ಸ್‌ಗಿಂತಲೂ ಮೇಲಿದೆ. ಸ್ವರಗಳಿಂದ ‘ಯಾರೋ ಮಾತಾಡಿದರು’ ಎಂದು ತಿಳಿಯುತ್ತದೆ, ವ್ಯಂಜನಗಳಿಂದ ‘ಏನು ಮಾತಾಡಿದರು’ ಎಂದು ತಿಳಿಯುತ್ತದೆ. ವ್ಯಂಜನ ಹೋದ ಮೇಲೆ ಸೊಪ್ಪು, ತುಪ್ಪ, ಕಪ್ಪು ಎಲ್ಲ ಒಂದೇ ಸಾಲಿಗೆ ಬರುತ್ತವೆ. ‘ಕೇಳಿಸುತ್ತೆ ಕಣಪ್ಪ, ಆದರೆ ತಿಳಿಯಲ್ಲ’ ಎಂದು ಹಿರಿಯರು ಹೇಳುವುದು ಅಕ್ಷರಶಃ ನಿಜ.

ಜಾಣಗಿವುಡಿನ ಗುಟ್ಟೂ ಇಲ್ಲೇ ಇದೆ. ರಾತ್ರಿಯ ನಿಶ್ಶಬ್ದದಲ್ಲಿ, ಪರಿಚಿತ ವಿಷಯವನ್ನು, ಮಗ ದಪ್ಪ ಗಂಟಲಿನಲ್ಲಿ ನಿಧಾನವಾಗಿ ಆಡಿದರೆ ಅಜ್ಜನಿಗೆ ತಿಳಿಯುತ್ತದೆ. ಹಗಲು ಹೊತ್ತು ಮಿಕ್ಸಿಯ ಸದ್ದು, ಪಾತ್ರೆಗಳ ಸದ್ದಿನ ನಡುವೆ ಸೊಸೆ ತೆಳು ಕಂಠದಲ್ಲಿ, ಬೆನ್ನು ತಿರುಗಿಸಿಕೊಂಡು ಆಡಿದ ಮಾತು ತಿಳಿಯುವುದಿಲ್ಲ. ಕಿವಿ ಅದೇ, ಸನ್ನಿವೇಶ ಬೇರೆ.

ಇನ್ನೊಂದು ತೊಡಕಿದೆ. ಸವೆದ ಕಿವಿಗೆ ಮೆಲ್ಲಗಿನ ಸದ್ದು ಕೇಳಿಸದು. ಆದರೆ ಜೋರಿನ ಸದ್ದು ಇತರರಷ್ಟೇ, ಕೆಲವೊಮ್ಮೆ ಅವರಿಗಿಂತ ಹೆಚ್ಚು ಹಿಂಸೆ ಕೊಡುತ್ತದೆ. ‘ಸ್ವಲ್ಪ ಜೋರಾಗಿ ಹೇಳು’ ಎಂದವರೇ ಮರುಕ್ಷಣ ‘ಯಾಕೆ ಕಿರುಚ್ತೀಯ?’ ಎಂದು ರೇಗುತ್ತಾರೆ. ಎಲ್ಲ ಸದ್ದನ್ನೂ ಒಂದೇ ಸಮನೆ ಹಿಗ್ಗಿಸುವ ಅಗ್ಗದ ಯಂತ್ರಗಳು ಸೋಲುವುದು ಈ ಕಾರಣಕ್ಕೇ.

ದೂರವೇ ಮೊದಲ ಶತ್ರು

ಮಾಮೂಲು ಮಾತುಕತೆಯ ಸದ್ದು ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಹದಿನಾರು ಅಡಿ ಆಚೆಯಿಂದ ಕೂಗುವ ಬದಲು ಒಂದು ಅಡಿ ಹತ್ತಿರಕ್ಕೆ ಬಂದು ಅದೇ ಮಾತು ಆಡಿದರೆ 24 ಡೆಸಿಬೆಲ್ ಲಾಭ. ಕೈಯನ್ನು ಬಟ್ಟಲಿನಂತೆ ಮಾಡಿ ಕಿವಿಗೆ ಹಿಡಿದರೆ ಸಿಗುವುದು ಐದರಿಂದ ಹತ್ತು ಡೆಸಿಬೆಲ್. ಮನೆಯೊಳಗೆ ಈ ಲೆಕ್ಕ ತುಸು ಬದಲಾಗುತ್ತದೆ. ಗೋಡೆಗೆ ಬಡಿದ ಸದ್ದು ಹಿಂದಿರುಗಿ ಮಾತಿನೊಂದಿಗೆ ಸೇರಿ ಅದನ್ನು ಕಲಸಿಬಿಡುತ್ತದೆ. ಅಲ್ಲಿಯೂ ದೂರ ಕಡಿಮೆಯಾದಷ್ಟು ಮಾತು ನಿಚ್ಚಳ.

ಹತ್ತಿರ ಬರುವುದರಿಂದ ಇನ್ನೊಂದು ಲಾಭವಿದೆ. ಮಾತಿನ ಬಲ ಹೆಚ್ಚುತ್ತದೆ, ಸುತ್ತಲಿನ ಗದ್ದಲ ಹೆಚ್ಚುವುದಿಲ್ಲ. ಕೂಗಿದಾಗ ಈ ಲಾಭ ಪೂರ್ತಿ ಸಿಗುವುದಿಲ್ಲ. ಕೂಗುವಾಗ ಸ್ವರಗಳು ಉಬ್ಬುತ್ತವೆ, ವ್ಯಂಜನಗಳು ಅವುಗಳ ಅಡಿ ಹೂತುಹೋಗುತ್ತವೆ. ಮುಖದ ಮೇಲೆ ಸಿಟ್ಟಿನ ಗೆರೆಯೂ ಮೂಡುತ್ತದೆ. ಕೇಳಿಸದವರಿಗೆ ಆ ಗೆರೆ ಮಾತ್ರ ಚೆನ್ನಾಗಿ ಕಾಣುತ್ತದೆ.

ಸಿಂಹದ ಬಾಯಿಂದ ಜೇಬಿನ ಡಬ್ಬಿಗೆ

ಶ್ರವಣ ಸಾಧನಗಳ ಇತಿಹಾಸವೆಲ್ಲ ಈ ದೂರವನ್ನು ಕಡಿಮೆ ಮಾಡುವ ಪ್ರಯತ್ನವೇ. ಮೊದಲು ಕೈ, ಆಮೇಲೆ ದನದ ಕೊಂಬು, ಆಮೇಲೆ ತಗಡಿನ ತುತ್ತೂರಿ. ಅಗಲ ಬಾಯಿಯಿಂದ ಸದ್ದನ್ನು ಕೂಡಿಹಾಕಿ ಕಿರಿದಾದ ಕೊನೆಯಿಂದ ಕಿವಿಗೆ ಬಿಡುವುದು ಇದರ ತತ್ವ. ಸಂಗೀತಗಾರ ಬೀಥೋವನ್‌ಗೆ ಯೋಹಾನ್ ಮೆಲ್‌ಜೆಲ್ ಎಂಬ ಕುಶಲಕರ್ಮಿ ಇಂಥ ತುತ್ತೂರಿಗಳನ್ನು ಮಾಡಿಕೊಟ್ಟಿದ್ದ. ಅವೂ ಸಾಲದೆ ಹೋದಾಗ, 1818ರಿಂದ ಬೀಥೋವನ್ ಒಂದು ಪುಸ್ತಕ ಇಟ್ಟುಕೊಂಡ. ಬಂದವರು ಅದರಲ್ಲಿ ಬರೆದು ಕೇಳುತ್ತಿದ್ದರು, ಅವನು ಬಾಯಲ್ಲಿ ಉತ್ತರಿಸುತ್ತಿದ್ದ. ಓದು ಬಲ್ಲ ಹಿರಿಯರಿಗೆ ಒಂದು ಸ್ಲೇಟು, ಒಂದು ಬಳಪ ಇವತ್ತಿಗೂ ಕೆಟ್ಟ ಸಾಧನವಲ್ಲ.

ಪೋರ್ಚುಗಲ್‌ನ ದೊರೆ ಆರನೆಯ ಜಾನ್‌ಗೆ 1819ರಲ್ಲಿ ಲಂಡನ್ನಿನ ಎಫ್.ಸಿ. ರೈನ್ ಒಂದು ವಿಚಿತ್ರ ಸಿಂಹಾಸನ ಮಾಡಿಕೊಟ್ಟ. ಅದರ ತೋಳುಗಳಲ್ಲಿ ಬಾಯಿ ತೆರೆದ ಸಿಂಹದ ಮುಖಗಳು. ಅರಿಕೆ ಮಾಡುವವರು ಮಂಡಿಯೂರಿ ಸಿಂಹದ ಬಾಯೊಳಗೆ ಮಾತನಾಡಬೇಕು. ಸದ್ದು ಕೊಳವೆಯ ಮೂಲಕ ದೊರೆಯ ಕಿವಿಗೆ ಹೋಗುತ್ತಿತ್ತು. ದೊರೆಯಾದ್ದರಿಂದ ಜನರೇ ಹತ್ತಿರ ಬಂದು ಬಾಗಿದರು. ಜಗಲಿಯ ಅಜ್ಜನಿಗೆ ಆ ಭಾಗ್ಯವಿಲ್ಲ.

ಟೆಲಿಫೋನಿನ ತಂತ್ರದಿಂದ 19ನೇ ಶತಮಾನದ ಕೊನೆಯಲ್ಲಿ ವಿದ್ಯುತ್ ಸಾಧನಗಳು ಬಂದವು. ಬಳಿಕ ನಿರ್ವಾತ ಕೊಳವೆಯ ಯಂತ್ರಗಳು ಬಂದವು, ಅವುಗಳ ಬ್ಯಾಟರಿ ಹೊರುವುದೇ ಒಂದು ಕೆಲಸವಾಗಿತ್ತು. 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು. ಜನಸಾಮಾನ್ಯರ ಕೈಗೆ ಅದು ಮೊದಲು ಸಿಕ್ಕಿದ್ದು ರೇಡಿಯೊ ರೂಪದಲ್ಲಿ ಅಲ್ಲ, 1952ರ ಕೊನೆಯ ಹೊತ್ತಿಗೆ ಬಂದ ಶ್ರವಣ ಸಾಧನದ ರೂಪದಲ್ಲಿ. ಜೇಬಿನಲ್ಲಿ ಇಡುವ ಡಬ್ಬಿ, ಅದರಿಂದ ಕಿವಿಗೆ ಒಂದು ದಾರ: ನಮ್ಮ ಹಳ್ಳಿಗಳು ಕಂಡ ‘ಕಿವಿ ಮಿಷನ್’ ಈ ವಂಶದ್ದು. ಬಳಿಕ ಯಂತ್ರ ಕಿವಿಯ ಹಿಂದಕ್ಕೆ, ಆಮೇಲೆ ಕಿವಿಯ ಒಳಕ್ಕೆ ಸರಿಯಿತು. 1996ರಿಂದ ಡಿಜಿಟಲ್ ಯಂತ್ರಗಳು ಮಾರುಕಟ್ಟೆಯಲ್ಲಿವೆ. ಇವು ತೆಳು ಸದ್ದನ್ನು ಹೆಚ್ಚು, ದಪ್ಪ ಸದ್ದನ್ನು ಕಡಿಮೆ ಹಿಗ್ಗಿಸಬಲ್ಲವು. ಜೋರು ಸದ್ದು ಬಂದಾಗ ತಾವೇ ತಗ್ಗಬಲ್ಲವು. ಸೊಪ್ಪನ್ನೂ ತುಪ್ಪವನ್ನೂ ಬೇರೆ ಮಾಡಲು ಬೇಕಾದದ್ದು ಈ ಗುಣ.

ಮೊದಲು ಕಿವಿ, ಆಮೇಲೆ ಯಂತ್ರ

ಯಂತ್ರ ಕೊಳ್ಳುವ ಮುನ್ನ ಕಿವಿಯನ್ನು ತೋರಿಸಬೇಕು. ಗುಗ್ಗೆ ಗಟ್ಟಿಯಾಗಿ ಕಿವಿ ಮುಚ್ಚಿಕೊಂಡಿದ್ದರೆ ವೈದ್ಯರು ಅದನ್ನು ತೆಗೆದರೆ ಸಾಕು, ಕೆಲವರಿಗೆ ಯಂತ್ರವೇ ಬೇಡವಾಗುತ್ತದೆ. ಕಡ್ಡಿ, ಪಿನ್ನು ಹಾಕುವುದು, ಕಾಯಿಸಿದ ಎಣ್ಣೆ ಬಿಡುವುದು ಅಪಾಯ. ಕಿವಿ ಸೋರುವುದು, ತಮಟೆ ಹರಿದಿರುವುದು, ಮಧ್ಯಕಿವಿಯ ಮೂಳೆ ಬಿಗಿಯುವುದು ಇವಕ್ಕೂ ಚಿಕಿತ್ಸೆಯಿದೆ. ಒಂದೆರಡು ದಿನದಲ್ಲಿ ಹಠಾತ್ತನೆ ಕಿವಿ ಹೋದರೆ, ಒಂದೇ ಕಿವಿ ಮಂದವಾದರೆ, ಜೊತೆಗೆ ತಲೆಸುತ್ತು ಇದ್ದರೆ ತಡಮಾಡಬಾರದು. ಹಠಾತ್ ಕಿವುಡಿಗೆ ಮೊದಲ ದಿನಗಳಲ್ಲೇ ಔಷಧ ಸಿಕ್ಕರೆ ಮರಳುವ ಸಾಧ್ಯತೆ ಹೆಚ್ಚು.

ಬಳಿಕ ಶ್ರವಣ ಪರೀಕ್ಷೆ. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, 250ರಿಂದ 8,000 ಹರ್ಟ್ಸ್‌ವರೆಗಿನ ಸ್ವರಗಳನ್ನು ಒಂದೊಂದಾಗಿ ಕೇಳಿಸಿ, ಯಾವುದು ಎಷ್ಟು ಮೆಲ್ಲಗೆ ಕೇಳಿಸುತ್ತದೆ ಎಂದು ನಕ್ಷೆ ಬರೆಯುತ್ತಾರೆ. ನೋವಿಲ್ಲ, ಸೂಜಿಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದಂತೆ 20 ಡೆಸಿಬೆಲ್‌ಗಿಂತ ಕಡಿಮೆ ಇದ್ದರೆ ಕಿವಿ ಸರಿ. 20ರಿಂದ 35ರೊಳಗೆ ಅಲ್ಪ ದೋಷ, 35ರಿಂದ 50ರೊಳಗೆ ಮಧ್ಯಮ. ಅದರ ಮೇಲೆ ತೀವ್ರತೆ ಏರುತ್ತ ಹೋಗುತ್ತದೆ. ಕನ್ನಡಕದ ನಂಬರಿನಂತೆಯೇ ಇದೂ. ಒಬ್ಬರ ಕನ್ನಡಕ ಇನ್ನೊಬ್ಬರಿಗೆ ಹೊಂದುವುದಿಲ್ಲ, ಒಬ್ಬರ ಕಿವಿಗೆಂದು ಹೊಂದಿಸಿದ ಯಂತ್ರವೂ ಇನ್ನೊಬ್ಬರಿಗೆ ಆಗುವುದಿಲ್ಲ.

ಈ ವಿಷಯದಲ್ಲಿ ಚಾಮರಾಜನಗರ ಜಿಲ್ಲೆಯವರು ಅದೃಷ್ಟವಂತರೇ. ದೇಶದಲ್ಲೇ ಹೆಸರಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. ಚಾಮರಾಜನಗರದಿಂದ ನಂಜನಗೂಡಿನ ಮೇಲೆ ಹೋದರೆ ಸುಮಾರು 60 ಕಿಲೋಮೀಟರ್, ರೈಲೂ ಉಂಟು. 1965ರಲ್ಲಿ ಆರಂಭವಾದ ಈ ಸಂಸ್ಥೆಯ ಕಟ್ಟಡಕ್ಕೆ 1966ರಲ್ಲಿ ಅಡಿಗಲ್ಲು ಹಾಕಿದವರು ಆಗಿನ ರಾಷ್ಟ್ರಪತಿ, ಹಿಂದೆ ಮೈಸೂರಿನಲ್ಲೇ ಪ್ರಾಧ್ಯಾಪಕರಾಗಿದ್ದ ಎಸ್. ರಾಧಾಕೃಷ್ಣನ್. ಪರೀಕ್ಷೆ, ಯಂತ್ರದ ಆಯ್ಕೆ, ಕಿವಿಯ ಅಚ್ಚು, ದುರಸ್ತಿ ಎಲ್ಲವೂ ಒಂದೇ ಆವರಣದಲ್ಲಿ ದೊರೆಯುತ್ತವೆ. ಹಳ್ಳಿಗರಿಗಾಗಿ ಯಳಂದೂರು ತಾಲ್ಲೂಕಿನ ಗುಂಬಳ್ಳಿ, ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ ಮುಂತಾದ ಕಡೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಸಂಸ್ಥೆ ಸೇವಾ ಕೇಂದ್ರಗಳನ್ನು ನಡೆಸಿಕೊಂಡು ಬಂದಿದೆ.

ಯಾರಿಗೆ ಯಾವುದು?

ಸರಳ ಸಾಧನಗಳನ್ನು ನಾಲ್ಕು ಬಗೆಯಾಗಿ ನೋಡಬಹುದು.

ಮೊದಲನೆಯದು ಕೈಯಲ್ಲಿ ಹಿಡಿಯುವ ಧ್ವನಿವರ್ಧಕ. ಅಂಗೈಯಗಲದ ಡಬ್ಬಿ, ಅದಕ್ಕೊಂದು ಮೈಕು, ತಲೆಗೆ ಹಾಕುವ ಹೆಡ್‌ಫೋನ್. ಮೈಕನ್ನು ಮಾತನಾಡುವವರ ಬಾಯಿಯ ಹತ್ತಿರ ಹಿಡಿಯಬಹುದಾದ್ದರಿಂದ ದೂರದ ತೊಂದರೆ ನೇರವಾಗಿ ನೀಗುತ್ತದೆ. ಕಿವಿಯ ಅಚ್ಚು ಬೇಡ, ಗುಂಡಿಗಳು ದೊಡ್ಡವು. ಹಾಸಿಗೆ ಹಿಡಿದವರು, ಮರೆವಿನ ಕಾಯಿಲೆಯವರು, ಬೆರಳು ನಡುಗುವವರು ಮನೆಯ ಒಬ್ಬಿಬ್ಬರೊಡನೆ ಮಾತನಾಡಲು ಇದು ಚೆನ್ನು. ಸದ್ದನ್ನು ಕಡಿಮೆಯಿಂದ ಆರಂಭಿಸಿ ನಿಧಾನವಾಗಿ ಏರಿಸಬೇಕು. ಸಂತೆ, ಮದುವೆಮನೆಗೆ ಇದು ಆಗದು. ಇಂಥದ್ದೂ ಇಲ್ಲದ ತುರ್ತಿನಲ್ಲಿ ವೈದ್ಯರು ಮಾಡುವ ಒಂದು ಉಪಾಯವುಂಟು. ತಮ್ಮ ಸ್ಟೆತಸ್ಕೋಪಿನ ಕೊಳವೆಗಳನ್ನು ರೋಗಿಯ ಕಿವಿಗೆ ಇಟ್ಟು, ಎದೆಯ ಮೇಲೆ ಇಡುವ ಬಿಲ್ಲೆಯ ಬಳಿ ಮೆಲ್ಲಗೆ ಮಾತನಾಡುವುದು. ಹಳೆಯ ತುತ್ತೂರಿಯ ತತ್ವವೇ ಇದು.

ಎರಡನೆಯದು ಜೇಬಿನ ಯಂತ್ರ. ನೋಡಲು ಹಳೆಯ ಕಾಲದ್ದು, ದಾರ ಎದ್ದು ಕಾಣುತ್ತದೆ, ನಗರದವರು ಮೂಗು ಮುರಿಯುತ್ತಾರೆ. ಆದರೆ ಇದರ ಗುಣಗಳು ಕಡಿಮೆಯಲ್ಲ. ಬೆಲೆ ಕಡಿಮೆ, ಬಲ ಹೆಚ್ಚು, ಬಿದ್ದರೆ ಹುಡುಕಬಹುದು. ಸದ್ದಿನ ಚಕ್ರವನ್ನು ಹೆಬ್ಬೆರಳಿನಿಂದಲೇ ತಿರುಗಿಸಬಹುದು. ಹೆಚ್ಚಿನ ಮಾದರಿಗಳಿಗೆ ಬೇಕಾದದ್ದು ಪೆನ್ಸಿಲ್ ಸೆಲ್. ಅದು ಹಳ್ಳಿಯ ಪೆಟ್ಟಿಗೆ ಅಂಗಡಿಯಲ್ಲೂ ಸಿಗುತ್ತದೆ. ದೋಷವೆಂದರೆ ಮೈಕು ಎದೆಯ ಮೇಲಿರುವುದು. ಬಟ್ಟೆ ಉಜ್ಜಿದ ಸರಬರ ಸದ್ದೂ ಹಿಗ್ಗುತ್ತದೆ. ಟವೆಲಿನ ಅಡಿ ಮುಚ್ಚಿದರೆ ಮಾತು ಮಂಕಾಗುತ್ತದೆ. ಊಟದ ಹೊತ್ತಿಗೆ ಸಾರು ಬೀಳುತ್ತದೆ. ರವಿಕೆಗೆ ಜೇಬಿಲ್ಲದ ಅಜ್ಜಿಯರಿಗೆ ತೆಳು ಬಟ್ಟೆಯ ಒಂದು ಚೀಲ ಹೊಲಿದು ಸೆರಗಿನ ಮೇಲೆ ತೂಗಿಬಿಟ್ಟರೆ ಸರಿಹೋಗುತ್ತದೆ.

ಮೂರನೆಯದು ಕಿವಿಯ ಹಿಂದೆ ಕೂರುವ ಯಂತ್ರ. ಇಂದು ಹೆಚ್ಚಿನವರಿಗೆ ಸಲಹೆ ಮಾಡುವುದು ಇದನ್ನೇ. ಮೈಕು ಕಿವಿಯ ಬಳಿಯೇ ಇರುವುದರಿಂದ ಸದ್ದು ಸಹಜ. ಎರಡೂ ಕಿವಿಗೆ ಹಾಕಿದರೆ ಯಾವ ದಿಕ್ಕಿನಿಂದ ಯಾರು ಕರೆದರು ಎಂಬುದೂ ತಿಳಿಯುತ್ತದೆ. ಡಿಜಿಟಲ್ ಆದರೆ ಕಿವಿಯ ನಕ್ಷೆಗೆ ತಕ್ಕಂತೆ ಹೊಂದಿಸಬಹುದು. ಆದರೆ ಸೆಲ್ ಗುಂಡಿಯಷ್ಟು ಚಿಕ್ಕದು, ಬೆವರು ಮತ್ತು ದೂಳು ಇದಕ್ಕೆ ವೈರಿಗಳು. ಕಿವಿಯ ಒಳಗೇ ಅಡಗುವ ಪುಟ್ಟ ಯಂತ್ರಗಳು ಕಣ್ಣಿಗೆ ಬೀಳುವುದಿಲ್ಲ ಎಂಬುದೇ ಅವುಗಳ ಆಕರ್ಷಣೆ. ಕಣ್ಣು ಮಂದವಾಗಿ ಬೆರಳು ಮರಗಟ್ಟಿದ ಎಂಬತ್ತರ ಹಿರಿಯರಿಗೆ ಆ ಆಕರ್ಷಣೆಯೇ ಮುಳುವು.

ನಾಲ್ಕನೆಯದು ಒಂದೇ ಕೆಲಸದ ಸಾಧನಗಳು. ಟೀವಿಗೆ ಜೋಡಿಸುವ ತಂತಿಯಿಲ್ಲದ ಹೆಡ್‌ಫೋನ್, ಸದ್ದು ಹೆಚ್ಚಿಸುವ ದೂರವಾಣಿ, ಬಾಗಿಲ ಗಂಟೆಗೆ ಮಿನುಗುವ ದೀಪ ಇತ್ಯಾದಿ. ಮನೆಯ ಜಗಳದ ಅರ್ಧ ಪಾಲು ಟೀವಿ ಸದ್ದಿನದೇ ಆಗಿದ್ದರೆ ಮೊದಲು ಇದನ್ನು ತರುವುದು ಜಾಣತನ. ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದ್ದು 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಆರಂಭಿಸಿದ ಮೈಸೂರಿನ ಬಾನುಲಿಯಿಂದ. ಆ ಬಾನುಲಿ ಕೇಳಿ ಬೆಳೆದ ಹಿರಿಯರು ಟ್ರಾನ್ಸಿಸ್ಟರನ್ನು ಕಿವಿಗೆ ಒತ್ತಿಕೊಂಡು ಕೂರುವುದೂ ದೂರ ಕಡಿಮೆ ಮಾಡುವ ವಿದ್ಯೆಯೇ. ಆಡಿದ ಮಾತನ್ನು ಕನ್ನಡ ಅಕ್ಷರದಲ್ಲಿ ತೋರಿಸುವ ಸೌಲಭ್ಯ ಈಗ ಮೊಬೈಲುಗಳಲ್ಲಿದೆ. ಓದು ಬಲ್ಲವರಿಗೆ ಅದು ಬೀಥೋವನ್‌ನ ಪುಸ್ತಕದ ಹೊಸ ರೂಪ.

ಅಮೆರಿಕದಲ್ಲಿ 2022ರ ಅಕ್ಟೋಬರಿನಿಂದ ಅಲ್ಪ ಮತ್ತು ಮಧ್ಯಮ ದೋಷದ ವಯಸ್ಕರು ವೈದ್ಯರ ಚೀಟಿಯಿಲ್ಲದೆ ಕೆಲವು ಬಗೆಯ ಶ್ರವಣ ಸಾಧನ ಕೊಳ್ಳಬಹುದಾಗಿದೆ. ಆ ನಿಯಮದಲ್ಲಿ ಯಂತ್ರದ ಗರಿಷ್ಠ ಸದ್ದಿಗೆ ಮಿತಿಯಿದೆ. ಜಾಹೀರಾತು ನೋಡಿ ತರಿಸುವ ಅಗ್ಗದ ಯಂತ್ರಗಳಲ್ಲಿ ಅಂಥ ಮಿತಿ ಇದೆಯೋ ಇಲ್ಲವೋ ಕೊಳ್ಳುವವರಿಗೆ ತಿಳಿಯದು. ಮಿತಿಯಿಲ್ಲದ ಸದ್ದು ಉಳಿದ ರೋಮಕೋಶಗಳನ್ನೂ ಕೊಲ್ಲಬಲ್ಲದು.

ಬೆರಳಿನ ಪರೀಕ್ಷೆ

ಕಿವಿಯ ಪರೀಕ್ಷೆಯಷ್ಟೇ ಮುಖ್ಯವಾದದ್ದು ಬೆರಳಿನ ಪರೀಕ್ಷೆ. ಕೊಳ್ಳುವ ಮುನ್ನ ಹಿರಿಯರ ಕೈಗೇ ಯಂತ್ರ ಕೊಟ್ಟು ನೋಡಬೇಕು. ತಾವಾಗಿ ಕಿವಿಗೆ ಹಾಕಿಕೊಳ್ಳಬಲ್ಲರೆ? ಸದ್ದು ಏರಿಸಿ ಇಳಿಸಬಲ್ಲರೆ? ಸೆಲ್ ಬದಲಿಸಬಲ್ಲರೆ? ಮೂರಕ್ಕೂ ಮಗನೋ ಮೊಮ್ಮಗಳೋ ಬೇಕೆಂದಾದರೆ, ಅವರು ಶಾಲೆಗೋ ಹೊಲಕ್ಕೋ ಹೋದ ಹೊತ್ತಿನಲ್ಲಿ ಆ ಯಂತ್ರ ಇದ್ದೂ ಇಲ್ಲದಂತೆ.

ಗುಂಡಿ ಸೆಲ್‌ಗಳಲ್ಲಿ ಅಳತೆಗೆ ತಕ್ಕ ಬಣ್ಣದ ಗುರುತಿದೆ: 675ಕ್ಕೆ ನೀಲಿ, 13ಕ್ಕೆ ಕಿತ್ತಳೆ, 312ಕ್ಕೆ ಕಂದು, 10ಕ್ಕೆ ಹಳದಿ. ನೀಲಿ ಗುರುತಿನದು ದೊಡ್ಡದು, ಹಿಡಿಯಲು ಸುಲಭ. ಇವು ಗಾಳಿಯಿಂದ ಕೆಲಸ ಮಾಡುವ ಸೆಲ್‌ಗಳು. ಮೇಲಿನ ಚೀಟಿ ಕಿತ್ತು ಒಂದೆರಡು ನಿಮಿಷ ಬಿಟ್ಟು ಹಾಕಬೇಕು. ಕಿತ್ತ ಮೇಲೆ ಯಂತ್ರ ಬಳಸದಿದ್ದರೂ ಸೆಲ್ ಸವೆಯುತ್ತದೆ. ಮಕ್ಕಳು ನುಂಗಿದರೆ ಪ್ರಾಣಾಪಾಯ, ಆದ್ದರಿಂದ ಎತ್ತರದಲ್ಲಿ ಇಡಬೇಕು. ಊರಿನಲ್ಲಿ ಸಿಗದ ಸೆಲ್‌ಗಾಗಿ ಪ್ರತಿ ಸಲ ಚಾಮರಾಜನಗರಕ್ಕೋ ಮೈಸೂರಿಗೋ ಬಸ್ಸು ಹತ್ತಬೇಕಾದರೆ ಒಂದಿಷ್ಟು ಮೊದಲೇ ತಂದಿಟ್ಟುಕೊಳ್ಳುವುದು ಲೇಸು. ಮೊಬೈಲಿನಂತೆ ರಾತ್ರಿ ಚಾರ್ಜಿಗೆ ಇಡುವ ಯಂತ್ರಗಳೂ ಬಂದಿವೆ. ಸೆಲ್‌ನ ತಾಪತ್ರಯ ತಪ್ಪುತ್ತದೆ, ಕರೆಂಟಿನ ಭರವಸೆ ಬೇಕು.

ಯಂತ್ರ ‘ಕುಂಯ್’ ಎಂದು ಶಿಳ್ಳೆ ಹಾಕಿದರೆ ಕೆಟ್ಟಿತೆಂದು ಎಸೆಯಬೇಕಿಲ್ಲ. ಅಚ್ಚು ಸಡಿಲವಾಗಿ ಒಳಗಿನ ಸದ್ದು ಹೊರಬಂದು ಮತ್ತೆ ಮೈಕನ್ನು ಸೇರುತ್ತಿದೆ ಎಂದರ್ಥ. ಅಚ್ಚನ್ನು ಸರಿಯಾಗಿ ಕೂರಿಸಿದರೆ, ಅದೂ ಸಾಲದಿದ್ದರೆ ಹೊಸದಾಗಿ ಮಾಡಿಸಿದರೆ ನಿಲ್ಲುತ್ತದೆ. ಗುಗ್ಗೆ ತುಂಬಿದ ಕಿವಿಯಲ್ಲೂ ಹೀಗಾಗುವುದುಂಟು. ಸ್ನಾನಕ್ಕೆ, ತಲೆಗೆ ಎಣ್ಣೆ ಹಚ್ಚುವುದಕ್ಕೆ ಮುನ್ನ ಯಂತ್ರ ತೆಗೆದಿಡಬೇಕು. ರಾತ್ರಿ ತೇವ ಹೀರುವ ಸಿಲಿಕಾ ಹರಳಿನ ಡಬ್ಬಿಯಲ್ಲಿ ಇಡಬೇಕು.

ಮೊದಲ ದಿನವೇ ಬಸ್ ನಿಲ್ದಾಣಕ್ಕೆ ಹಾಕಿಕೊಂಡು ಹೋದವರು ಮರುದಿನ ಯಂತ್ರ ಮುಟ್ಟುವುದಿಲ್ಲ. ಎಷ್ಟೋ ವರ್ಷಗಳಿಂದ ಮರೆತಿದ್ದ ಪಾತ್ರೆಯ ಸದ್ದು, ಕಾಗದದ ಸದ್ದು, ತಮ್ಮದೇ ದನಿ ಒಮ್ಮೆಲೇ ನುಗ್ಗಿಬಂದಾಗ ಮಿದುಳು ಕಂಗಾಲಾಗುತ್ತದೆ. ಮೊದಲು ಮನೆಯೊಳಗೆ, ಒಬ್ಬರೊಡನೆ, ದಿನಕ್ಕೆ ಒಂದೆರಡು ಗಂಟೆ. ಆಮೇಲೆ ಜಗಲಿ, ಆಮೇಲೆ ಸಂತೆ. ಹೊಂದಿಕೊಳ್ಳಲು ಹಲವು ವಾರ ಬೇಕು. ನಡುವೆ ಒಂದೆರಡು ಸಲ ತಜ್ಞರ ಬಳಿ ಹೋಗಿ ಸದ್ದು ಹೊಂದಿಸಿಕೊಂಡರೆ ಯಂತ್ರ ಟ್ರಂಕು ಸೇರುವುದು ತಪ್ಪುತ್ತದೆ.

ಸರ್ಕಾರದ ನೆರವು

ಖರ್ಚಿನ ಅಂಜಿಕೆಯಿಂದ ಹಿಂಜರಿಯುವವರಿಗೆ ಕೇಂದ್ರ ಸರ್ಕಾರದ ಎರಡು ಯೋಜನೆಗಳಿವೆ. 1981ರಲ್ಲಿ ಆರಂಭವಾದ ಅಡಿಪ್ ಯೋಜನೆ ಅಂಗವೈಕಲ್ಯ ಉಳ್ಳವರಿಗೆ ಸಾಧನ ಕೊಡುವುದಕ್ಕೆ. 2017ರ ಏಪ್ರಿಲಿನಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆ ಅರವತ್ತು ದಾಟಿದ ಬಡ ಹಿರಿಯರಿಗೆ. ಊರುಗೋಲು, ಕನ್ನಡಕ, ಹಲ್ಲಿನ ಸೆಟ್ಟು, ಗಾಲಿಕುರ್ಚಿಯ ಜೊತೆಗೆ ಶ್ರವಣ ಸಾಧನವೂ ವಯೋಶ್ರೀಯ ಪಟ್ಟಿಯಲ್ಲಿದೆ. ಶಿಬಿರಗಳಲ್ಲಿ ತಪಾಸಣೆ ಮಾಡಿ ಸಾಧನ ಹಂಚುವ ಹೊಣೆ ಕಾನ್ಪುರದ ಸರ್ಕಾರಿ ಉದ್ಯಮ ಅಲಿಮ್ಕೊದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಪ್ರಕಾರ ಎರಡೂ ಕಿವಿಗಳಲ್ಲಿ ಮಾತಿನ ಸ್ವರಗಳಿಗೆ 60 ಡೆಸಿಬೆಲ್ ಅಥವಾ ಹೆಚ್ಚು ನಷ್ಟವಿದ್ದರೆ ಮಂದ ಶ್ರವಣ, 70 ದಾಟಿದರೆ ಕಿವುಡು. ಶಿಬಿರದಲ್ಲಿ ಸಾಧನ ಸಿಕ್ಕ ಬಳಿಕ ಅದನ್ನು ಯಾರು ಹೊಂದಿಸುತ್ತಾರೆ, ದಾರ ತುಂಡಾದರೆ ಎಲ್ಲಿಗೆ ಹೋಗಬೇಕು ಎಂದು ಅಲ್ಲಿಯೇ ಕೇಳಿ ಬರೆದುಕೊಳ್ಳುವುದು ಮರೆಯಬಾರದು.

ಇದು ಬರೀ ಸೌಕರ್ಯದ ಮಾತಲ್ಲ. ವೈದ್ಯರು ‘ಹತ್ತು ದಿನ’ ಎಂದದ್ದನ್ನು ‘ಹತ್ತು ಗುಳಿಗೆ’ ಎಂದು ತಿಳಿದರೆ ಪ್ರಾಣಕ್ಕೆ ಸಂಚಕಾರ. ಓದಿ ಹೇಳಿದ್ದು ತಿಳಿಯದೆ ಹೆಬ್ಬೆಟ್ಟು ಒತ್ತಿದರೆ ಜಮೀನಿಗೆ ಸಂಚಕಾರ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2017, 2020 ಮತ್ತು 2024ರ ವರದಿಗಳಲ್ಲಿ, ತಡೆಯಬಹುದಾದ ಮರೆವಿನ ಕಾಯಿಲೆಯ ಕಾರಣಗಳ ಪಟ್ಟಿಯಲ್ಲಿ ಕಿವಿಯ ದೋಷವನ್ನೂ ಸೇರಿಸಿದೆ. ಮಾತು ತಪ್ಪಿದವರು ಕೂಟ ತಪ್ಪಿಸುತ್ತಾರೆ. ಕೂಟ ತಪ್ಪಿದವರ ಮನಸ್ಸು ಮಂಕಾಗುತ್ತದೆ.

ಮನೆಯವರ ಪಾಲು

ಎಷ್ಟೇ ಒಳ್ಳೆಯ ಯಂತ್ರವೂ ಹದಿನೆಂಟರ ಕಿವಿಯನ್ನು ಮರಳಿ ಕೊಡುವುದಿಲ್ಲ. ಉಳಿದದ್ದನ್ನು ಮನೆಯವರು ತುಂಬಬೇಕು. ಮೊದಲು ಹೆಸರು ಹಿಡಿದು ಕರೆದು ಗಮನ ಸೆಳೆಯುವುದು, ಮುಖದ ಮೇಲೆ ಬೆಳಕು ಬೀಳುವಂತೆ ಎದುರಿಗೆ ಕುಳಿತುಕೊಳ್ಳುವುದು, ಟೀವಿ ಆರಿಸುವುದು, ಕಿರುಚದೆ ನಿಧಾನವಾಗಿ ಹೇಳುವುದು. ತಿಳಿಯದಿದ್ದರೆ ಅದೇ ಪದವನ್ನು ಹತ್ತು ಸಲ ಕೂಗುವ ಬದಲು ಬೇರೆ ಪದ ಬಳಸಬೇಕು. ‘ಸೊಪ್ಪು’ ತಿಳಿಯದಿದ್ದರೆ ‘ದಂಟು, ಕೀರೆ’ ಎಂದರೆ ತಿಳಿಯಬಹುದು. ‘ಏನಿಲ್ಲ ಬಿಡು’ ಎಂಬ ಮಾತನ್ನು ಮಾತ್ರ ಆಡಬಾರದು. ಕೇಳಿಸದವರನ್ನು ಅದಕ್ಕಿಂತ ಹೆಚ್ಚು ನೋಯಿಸುವ ಮಾತಿಲ್ಲ.

ಕತೆ ಹೇಳುವವರಿಗೆ ಎದುರಿನಿಂದ ‘ಹೂಂ’ಗುಟ್ಟುವವರು ಬೇಕು ಎಂಬುದು ಹಳ್ಳಿಗರಿಗೆ ಗೊತ್ತಿದೆ. ಕತೆ ಕೇಳುವವರಿಗೂ ಹಾಗೆಯೇ, ಹತ್ತಿರ ಕುಳಿತು ಹೇಳುವವರು ಬೇಕು. ಬುದ್ಧಿಮಾತಿಗೆ ಕನ್ನಡದಲ್ಲಿ ‘ಕಿವಿಮಾತು’ ಎಂಬ ಹೆಸರೂ ಇದೆ. ಕಿವಿಯ ಹತ್ತಿರ ಬಂದು, ಮೆಲ್ಲಗೆ, ಪ್ರೀತಿಯಿಂದ ಹೇಳುವ ಮಾತು ಅದು. ಇಷ್ಟು ದಿನ ಹಿರಿಯರು ಕಿರಿಯರಿಗೆ ಕಿವಿಮಾತು ಹೇಳಿದರು. ಈಗ ಕಿರಿಯರು ಹಿರಿಯರಿಗೆ ಮಾತನ್ನು ಕಿವಿಯ ಬಳಿ ಹೇಳಬೇಕಾದ ಸರದಿ.